ಬ್ಲೇಡ್, ಪ್ಯೂರ್ ಡ್ರೈವ್, ಕ್ಲ್ಯಾಷ್: ಡಬಲ್ಸ್ ಆಟಗಾರನೊಬ್ಬನ ಆಯ್ಕೆ

ನನ್ನ ಟೆನಿಸ್ ಆಟಕ್ಕೆ ಒಗ್ಗಿದ ರ‍್ಯಾಕೆಟ್ ವಿಲ್ಸನ್ ಬ್ಲೇಡ್ 98 ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದರ ಜೊತೆಗೆ ಬಾಬೊಲಾಟ್ ಪ್ಯೂರ್ ಡ್ರೈವ್ ಮತ್ತು ವಿಲ್ಸನ್ನಿನದೇ ಆದ ಕ್ಲ್ಯಾಷ್ 100, ಈ ಎರಡನ್ನೂ ಕ್ಲಬ್ಬಿನ ಗೆಳೆಯರಿಂದ ಪಡೆದು ಕೆಲವು ವಾರ ಆಡಿ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದು, ಮೂರಕ್ಕೂ ಒಂದೇ ಬಗೆಯ ಸಿಂಥೆಟಿಕ್ ಗಟ್ಟನ್ನು, ಅಂದರೆ ಕೃತಕ ತಂತಿಯನ್ನು, 52 ಪೌಂಡ್ ಬಿಗಿತದಲ್ಲಿ ಹಾಕಿಸಿದ್ದೆ. ಗಟ್ಟಿಂಗ್, ಅಂದರೆ ತಂತಿ ಕಟ್ಟಿದ ಬಗೆ, ಬೇರೆಬೇರೆಯಾಗಿದ್ದರೆ ನಾವು ಹೋಲಿಸುತ್ತಿರುವುದು ಫ್ರೇಮನ್ನೋ ತಂತಿಯನ್ನೋ ಎಂಬುದೇ ತಿಳಿಯುವುದಿಲ್ಲ.

ನಾನು ಬೆಂಗಳೂರಿನಲ್ಲಿ ಮಣ್ಣಿನ ಕೋರ್ಟಿನ ಮೇಲೆ ಹೆಚ್ಚಾಗಿ ಡಬಲ್ಸ್ ಆಡುವವನು. ಬ್ಯಾಕ್‌ಹ್ಯಾಂಡ್ ಒಂಟಿಗೈಯದು, ಅದರಲ್ಲಿಯೂ ಚೆಂಡಿಗೆ ಹಿಮ್ಮುಖ ತಿರುಗು ಕೊಡುವ ಸ್ಲೈಸ್ ಹೆಚ್ಚು. ಫೋರ್‌ಹ್ಯಾಂಡ್‌ನಲ್ಲಿ ಚೆಂಡನ್ನು ನೇರವಾಗಿ ಹೊಡೆಯುತ್ತೇನೆ, ಅವಕಾಶ ಸಿಕ್ಕೊಡನೆ ನೆಟ್ಟಿನ ಬಳಿಗೆ ಹೋಗುತ್ತೇನೆ. ಮುಂದಿನ ಮಾತುಗಳನ್ನೆಲ್ಲ ಈ ಆಟದ ರೀತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಪ್ಯೂರ್ ಡ್ರೈವ್ ಬಿಗಿಯಾದ, ದಪ್ಪ ಫ್ರೇಮಿನ ರ‍್ಯಾಕೆಟ್. ಕಾರ್ಲೋಸ್ ಮೋಯಾ 1998ರಲ್ಲಿ ಫ್ರೆಂಚ್ ಓಪನ್ ಗೆದ್ದದ್ದು ಇದೇ ಹೆಸರಿನ ರ‍್ಯಾಕೆಟ್ಟಿನಿಂದ. ಅರ್ಧ ಬೀಸಿದರೂ ಚೆಂಡು ಬೇಸ್‌ಲೈನಿನವರೆಗೆ ಹೋಗುವಷ್ಟು ಶಕ್ತಿಯನ್ನು ಅದು ತಾನಾಗಿಯೇ ಕೊಡುತ್ತದೆ. ಸರ್ವ್‌ನ ವೇಗದಲ್ಲಂತೂ ಮೂರರಲ್ಲಿ ಅದೇ ಮುಂದು. ಕೆಳಗಿನಿಂದ ಮೇಲಕ್ಕೆ ಉಜ್ಜಿ ಹೊಡೆಯುವವರ ಚೆಂಡನ್ನು ಟಾಪ್‌ಸ್ಪಿನ್, ಅಂದರೆ ಮುಮ್ಮುಖ ತಿರುಗು, ಎಳೆದು ಗೆರೆಯೊಳಗೆ ಇಳಿಸುತ್ತದೆ. ನೇರವಾಗಿ ಹೊಡೆಯುವ ನನ್ನಂಥವರ ಚೆಂಡಿಗೆ ಆ ಕಡಿವಾಣವಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡು ಕರಾವಳಿಯ ಊರುಗಳಿಗಿಂತ ತುಸು ದೂರ ಹಾರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ನನ್ನ ಒಳ್ಳೆಯ ಫೋರ್‌ಹ್ಯಾಂಡ್‌ಗಳೇ ಒಂದು ಗೇಣು ಆಚೆ ಬೀಳುತ್ತಿದ್ದವು.

2019ರಲ್ಲಿ ಬಂದ ಕ್ಲ್ಯಾಷ್ ಇದಕ್ಕೆ ನೇರ ವಿರುದ್ಧ. ಚೆಂಡು ತಾಗಿದಾಗ ಫ್ರೇಮು ಬಾಗುತ್ತದೆ, ಮೊಣಕೈಗೆ ಪೆಟ್ಟಿನ ಅರಿವೇ ಆಗುವುದಿಲ್ಲ. ಆದರೆ ತಂತಿಯಿಲ್ಲದೆ 295 ಗ್ರಾಂ ತೂಕದ ಈ ರ‍್ಯಾಕೆಟ್ ಹಿಡಿದು ನೆಟ್ಟಿನ ಬಳಿ ಎದುರಾಳಿಯ ಜೋರಾದ ಹೊಡೆತವನ್ನು ತಡೆಯುವಾಗ, ಚೆಂಡು ನಡುವಿನಿಂದ ಸ್ವಲ್ಪ ಸರಿದು ತಾಗಿದರೂ ತಲೆ ಕೈಯಲ್ಲಿ ತಿರುಗಿದಂತಾಗುತ್ತಿತ್ತು. ತಲೆಯ ಎರಡು ಪಕ್ಕಗಳಲ್ಲಿ ಸೀಸದ ಪಟ್ಟಿ ಅಂಟಿಸಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ.

ಬ್ಲೇಡಿನ ಫ್ರೇಮು ತೆಳು, ತಂತಿಯಿಲ್ಲದೆ ತೂಕ 305 ಗ್ರಾಂ. ಸ್ಲೈಸ್ ಮಾಡಿದ ಚೆಂಡು ನೆಟ್ಟಿನ ಮೇಲೆ ಸವರಿಕೊಂಡು ಹೋಗಿ ಮಣ್ಣಿನಲ್ಲಿ ತಗ್ಗಾಗಿಯೇ ಉಳಿಯುತ್ತದೆ. ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ವಾಲಿಯಲ್ಲಿ ರ‍್ಯಾಕೆಟ್ಟನ್ನು ಸುಮ್ಮನೆ ಚೆಂಡಿನ ದಾರಿಗೆ ಒಡ್ಡಿದರೂ ಸಾಕು, ಅದು ಅಲುಗಾಡದೆ ನಿಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಚೆಂಡು ತಂತಿಯ ಯಾವ ಭಾಗಕ್ಕೆ ತಾಗಿತೆಂಬುದು ಅಂಗೈಗೆ ತಕ್ಷಣ ತಿಳಿಯುತ್ತದೆ. ಈ ತಿಳಿವಿಗಾಗಿಯೇ ನಾನು ಇದನ್ನು ಇಷ್ಟು ಮೆಚ್ಚಿಕೊಂಡದ್ದು. ಇದು ಬೇಡುವುದೂ ಹೆಚ್ಚು. ಬೇಗ ಸಿದ್ಧರಾಗಿ ಪೂರ್ತಿ ಬೀಸದಿದ್ದರೆ ಚೆಂಡು ಸರ್ವಿಸ್ ಗೆರೆಯ ಬಳಿಯೇ ಬಿದ್ದು ಎದುರಾಳಿಗೆ ಊಟ ಬಡಿಸಿದಂತಾಗುತ್ತದೆ. ತಂತಿಗಳ ಹೆಣಿಗೆಯಲ್ಲಿ 16x19 (ಉದ್ದಕ್ಕೆ 16, ಅಡ್ಡಕ್ಕೆ 19 ತಂತಿ) ಮತ್ತು 18x20 ಎಂಬ ಎರಡು ಬಗೆಗಳಿವೆ. ಎರಡನೆಯ ಸರ್ವ್ ಸ್ವಲ್ಪ ಪುಟಿಯಲಿ ಎಂದು ನಾನು ಚೆಂಡಿಗೆ ಹೆಚ್ಚು ತಿರುಗು ಕೊಡುವ, ವಿರಳ ಹೆಣಿಗೆಯ 16x19 ಆರಿಸಿದೆ.

ಇಷ್ಟು ನಿರ್ಧರಿಸಿದ ಮೇಲೆ ತೊಡಕಾದದ್ದು ಹಿಡಿಕೆಯ ಅಳತೆ. ಅಂಗೈಯ ನಡುಗೆರೆಯಿಂದ ಉಂಗುರ ಬೆರಳಿನ ತುದಿಯವರೆಗೆ ಅಳೆದರೆ ನನಗೆ ಸುಮಾರು 10.8 ಸೆಂಟಿಮೀಟರ್ ಬರುತ್ತದೆ. ಇದಕ್ಕೆ ಹೊಂದುವುದು ಎಲ್2, ಅಂದರೆ ನಾಲ್ಕೂಕಾಲು ಇಂಚು ಸುತ್ತಳತೆಯ ಹಿಡಿಕೆ. ಅಂಗಡಿಯಲ್ಲಿದ್ದದ್ದು ಅದಕ್ಕಿಂತ ಒಂದು ಅಳತೆ ದಪ್ಪದ ಎಲ್3 ಮಾತ್ರ. ಸುತ್ತಳತೆಯಲ್ಲಿ 3 ಮಿಲಿಮೀಟರ್ ವ್ಯತ್ಯಾಸವಷ್ಟೇ, ಕೈಗೆ ಗೊತ್ತಾಗುವುದಿಲ್ಲ ಎಂದು ಅಂಗಡಿಯವರು ಒತ್ತಿ ಹೇಳಿದರು. ಆನ್‌ಲೈನ್ ಮಾರಾಟಗಾರರೊಬ್ಬರ ಪುಟದಲ್ಲಿ ಅಳತೆಯನ್ನೇ ನಮೂದಿಸಿರಲಿಲ್ಲ. ವಿಚಾರಿಸಿದಾಗ ಬಂದ ಉತ್ತರ "ಸ್ಟ್ಯಾಂಡರ್ಡ್ ಸೈಜ್" ಎಂದು.

ಗೊತ್ತಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಫೋರ್‌ಹ್ಯಾಂಡ್‌ನಿಂದ ವಾಲಿಗೆ, ವಾಲಿಯಿಂದ ಸ್ಲೈಸ್‌ಗೆ ಕ್ಷಣಮಾತ್ರದಲ್ಲಿ ಹಿಡಿತ ಬದಲಿಸುವವನಿಗೆ ದಪ್ಪ ಹಿಡಿಕೆ ಕೈಯಲ್ಲಿ ಸಲೀಸಾಗಿ ಹೊರಳುವುದಿಲ್ಲ. ಸರ್ವ್‌ನಲ್ಲಿ ಮಣಿಕಟ್ಟು ಕಟ್ಟಿಹಾಕಿದಂತಾಗುತ್ತದೆ. ಬೆವರಿನ ಕೈಗೆ ಹಿಡಿಕೆಯ ಮೇಲೆ ಓವರ್‌ಗ್ರಿಪ್ ಎಂಬ ತೆಳು ಪಟ್ಟಿ ಸುತ್ತದೆ ಆಡಲಾಗದು, ಅದನ್ನು ಸುತ್ತಿದರೆ ಸುತ್ತಳತೆ ಇನ್ನೂ ಅರ್ಧ ಅಳತೆಯಷ್ಟು ಹೆಚ್ಚುತ್ತದೆ. ಸಣ್ಣ ಹಿಡಿಕೆಯನ್ನು ಹೀಗೆ ದಪ್ಪಗೊಳಿಸುವುದು ಸುಲಭ. ದಪ್ಪ ಹಿಡಿಕೆಯನ್ನು ಸಣ್ಣದಾಗಿಸಬೇಕೆಂದರೆ ಮೂಲದ ಗ್ರಿಪ್ ಕಿತ್ತು ತೆಳುವಾದದ್ದನ್ನು ಸುತ್ತುವುದರ ಹೊರತು ಮನೆಯಲ್ಲಿ ಮಾಡಬಹುದಾದದ್ದು ಬಹಳವಿಲ್ಲ. ಆದ್ದರಿಂದ ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಸಣ್ಣದನ್ನೇ ಕೊಳ್ಳಬೇಕು. ಅಂಗಡಿಯಲ್ಲಿಯೇ ಪರೀಕ್ಷಿಸುವ ಉಪಾಯವೂ ಉಂಟು: ರ‍್ಯಾಕೆಟ್ಟನ್ನು ಹಿಡಿದಾಗ ಬೆರಳ ತುದಿಗಳಿಗೂ ಅಂಗೈಯ ಬುಡಕ್ಕೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಜಾಗವಿರಬೇಕು. ನಾನು ಎಲ್2 ತರಿಸಿಕೊಡುವ ಬೇರೊಂದು ಅಂಗಡಿ ಸಿಗುವವರೆಗೆ ಕಾದೆ, ಕಾದದ್ದು ಸಾರ್ಥಕವಾಯಿತು.

ಮೆಚ್ಚಿನ ಆಟಗಾರ ಹಿಡಿದದ್ದೇ ಬೇಕೆನ್ನುವವರಿಗೆ ಒಂದು ಮಾತು: ಫೆಡರರ್ ಹೆಸರಿನಲ್ಲಿ ಬಂದ ಪ್ರೊ ಸ್ಟಾಫ್ ಆರ್‌ಎಫ್97 ತಂತಿಯಿಲ್ಲದೆಯೇ 340 ಗ್ರಾಂ ತೂಗುತ್ತದೆ, ನನ್ನಂಥವರ ಕೈಗೆ ಅದು ಭಾರವೇ.

ಬೇಸ್‌ಲೈನಿನಲ್ಲಿ ನಿಂತು ಟಾಪ್‌ಸ್ಪಿನ್ ಹೊಡೆಯುವ ಹುಡುಗ ಹುಡುಗಿಯರಿಗೆ ನಾನು ಪ್ಯೂರ್ ಡ್ರೈವ್ ಎನ್ನುತ್ತೇನೆ, ಮೊಣಕೈ ನೋವಿನಿಂದ ಎದ್ದು ಮತ್ತೆ ಆಡಬಂದವರಿಗೆ ಕ್ಲ್ಯಾಷ್. ನನಗೆ ಬ್ಲೇಡ್, ಅದರಲ್ಲಿಯೂ ಎಂಟನೆಯ ಆವೃತ್ತಿ. 2024ರಲ್ಲಿ ಒಂಬತ್ತನೆಯದು ಬಂದ ಮೇಲೆ ಹಳೆಯದರ ಬೆಲೆ ಅಂಗಡಿಯಲ್ಲಿ ಇಳಿದಿತ್ತು. ನನ್ನ ಆಟದ ಮಟ್ಟಕ್ಕೆ ಇವೆರಡರ ವ್ಯತ್ಯಾಸ ದೊಡ್ಡದಲ್ಲ. ಉಳಿದ ಹಣವನ್ನು ಮಲ್ಟಿಫಿಲಮೆಂಟ್, ಅಂದರೆ ಹಲವು ಸಣ್ಣ ಎಳೆಗಳನ್ನು ಕೂಡಿಸಿ ಮಾಡಿದ, ತಂತಿಗೆ ಎತ್ತಿಟ್ಟಿದ್ದೇನೆ, ಏಕೆಂದರೆ ಮಣ್ಣಿನ ಕೋರ್ಟಿನ ಧೂಳಿಗೆ ಅದು ಬೇಗ ಎಳೆ ಬಿಡುತ್ತದೆ ಮತ್ತು ಮತ್ತೆಮತ್ತೆ ಗಟ್ಟಿಂಗ್ ಮಾಡಿಸಬೇಕಾಗುತ್ತದೆ.