ಡಯಲ್ ಬಿಪಿ ಸೆಟ್: ಮೀಟರಿಗಿಂತ ಮೊದಲು ಕಫ್ ನೋಡಿ

ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್ ಮೊದಲ ವರ್ಷದವರು ಸರ್ಜಿಕಲ್ ಅಂಗಡಿಯಲ್ಲಿ ಕೊಳ್ಳುವ ಜಿಪ್ ಚೀಲದ ಡಯಲ್ ಸೆಟ್ ಬಗ್ಗೆ ಈ ಮಾತು. ಗಡಿಯಾರದಂಥ ಮೀಟರ್, ತೋಳಿಗೆ ಸುತ್ತುವ ಪಟ್ಟಿ ಅಂದರೆ ಕಫ್, ಗಾಳಿ ತುಂಬುವ ರಬ್ಬರ್ ಬಲ್ಬು, ಜೊತೆಗೊಂದು ಸ್ಟೆತ್. ಕಲಿಯಲು ಇದೇ ಸರಿ. ಡಿಜಿಟಲ್ ಮಷಿನ್ ಅಂಕಿ ಕೊಡುತ್ತದೆ, ಕಿವಿಗೆ ಏನೂ ಕಲಿಸುವುದಿಲ್ಲ. ಪಾದರಸದ್ದು ಒಡೆದರೆ ಚೆಲ್ಲಿದ್ದನ್ನು ಎತ್ತುವುದೇ ದೊಡ್ಡ ತಲೆನೋವು.

ಸೆಟ್ಟಿನ ಕೊರತೆ ಇರುವುದು ಕಫ್‌ನಲ್ಲಿ. ಸಾಮಾನ್ಯವಾಗಿ ಬರುವುದು ಒಂದೇ ಅಳತೆಯದು, ತೋಳಿನ ಸುತ್ತಳತೆ 27ರಿಂದ 34 ಸೆಂ.ಮೀ. ಇರುವವರಿಗೆ. ಒಳಗಿನ ರಬ್ಬರ್ ಚೀಲದ ಉದ್ದ ಆ ಸುತ್ತಳತೆಯ 80%, ಅಗಲ 40% ಇರಬೇಕು. 38 ಸೆಂ.ಮೀ. ತೋಳಿಗೆ ಇದನ್ನೇ ಬಿಗಿದರೆ ಬಿಪಿ ಇಲ್ಲದವರಿಗೂ ಬಿಪಿ ಬಂದುಬಿಡುತ್ತದೆ! ದೊಡ್ಡ ಕಫ್ ಬೇರೆ ಕೊಳ್ಳಿ. ಒಂದು ಟ್ಯೂಬಿನದು, ಎರಡು ಟ್ಯೂಬಿನದು ಎಂದು ಎರಡು ಬಗೆ ಇವೆ, ಹಳೆಯದನ್ನು ಜೊತೆಗೇ ಒಯ್ಯಿರಿ.

ದುಡ್ಡು ಕೊಡುವ ಮುನ್ನ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ಕಫ್ ಅನ್ನು ಬಾಟಲಿಗೆ ಸುತ್ತಿ 200ಕ್ಕೆ ಏರಿಸಿ, ಒಂದು ನಿಮಿಷ ಬಿಡಿ. 4ಕ್ಕಿಂತ ಹೆಚ್ಚು ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಆಮೇಲೆ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ. ಸೆಕೆಂಡಿಗೆ 2–3ರಂತೆ ಮುಳ್ಳು ಇಳಿಯಬೇಕು. ಅಗ್ಗದ ಸೆಟ್ಟು ಸೋಲುವುದು ಇಲ್ಲೇ: ಸ್ಕ್ರೂ ಕಚ್ಚಿಕೊಂಡಿರುತ್ತದೆ, ಬಿಟ್ಟೊಡನೆ ಮುಳ್ಳು ದೊಪ್ಪನೆ ಬೀಳುತ್ತದೆ. ಆಗ ಸಿಸ್ಟೋಲಿಕ್ (ಬಿಪಿಯ ಮೇಲಿನ ಅಂಕಿ) ಇದ್ದದ್ದಕ್ಕಿಂತ ಕಡಿಮೆ, ಡಯಾಸ್ಟೋಲಿಕ್ (ಕೆಳಗಿನ ಅಂಕಿ) ಹೆಚ್ಚು ಸಿಗುತ್ತದೆ.

ನೋಡುವ ಕ್ರಮವೂ ಸೆಟ್ಟಿನಷ್ಟೇ ಮುಖ್ಯ. ರೋಗಿ 5 ನಿಮಿಷ ಸುಮ್ಮನೆ ಕೂತಿರಲಿ, ತೋಳು ಹೃದಯದ ಮಟ್ಟಕ್ಕಿರಲಿ, ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಸುರುಳಿ ಸುತ್ತಬೇಡಿ. ಕಫ್‌ನ ಕೆಳ ಅಂಚು ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲಿರಬೇಕು. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ, ಅದು ಮಾಯವಾದ ಅಂಕಿ ನೋಡಿಕೊಳ್ಳಿ. ಪೂರ್ತಿ ಇಳಿಸಿ, ಸ್ವಲ್ಪ ಬಿಟ್ಟು, ಅದಕ್ಕಿಂತ 30 ಮೇಲಕ್ಕೆ ಏರಿಸಿ ಸ್ಟೆತ್ ಇಡಿ. ಹುಡುಗಿಯರು, ಹುಡುಗರು ಎಲ್ಲರೂ ಹಾರಿಸುವುದು ಈ ನಾಡಿಯ ಹೆಜ್ಜೆಯನ್ನೇ. ಬಿಪಿ ಹೆಚ್ಚಿರುವ ಕೆಲವರಲ್ಲಿ ಸದ್ದು ನಡುವೆ ನಿಂತು ಮತ್ತೆ ಶುರುವಾಗುತ್ತದೆ. ನಾಡಿ ನೋಡದೆ ಕಡಿಮೆ ಏರಿಸಿದರೆ ಮತ್ತೆ ಶುರುವಾದದ್ದನ್ನೇ ಮೊದಲ ಸದ್ದು ಎಂದುಕೊಳ್ಳುತ್ತೀರಿ, 200 ಇದ್ದವರ ಚಾರ್ಟಿನಲ್ಲಿ 150 ಬೀಳುವುದು ಹೀಗೆ. ಮೊದಲ ಟಕ್ ಸದ್ದು ಸಿಸ್ಟೋಲಿಕ್, ಸದ್ದು ಪೂರ್ತಿ ನಿಂತದ್ದು ಡಯಾಸ್ಟೋಲಿಕ್. ಡಯಲಿನಲ್ಲಿ ಗೆರೆಗೆ 2, ಹಾಗಾಗಿ 125 ಎಂದು ಬರೆದರೆ ಅಂದಾಜು ಹೊಡೆದದ್ದು ಸಿಸ್ಟರಿಗೆ ಕೂಡಲೇ ಗೊತ್ತಾಗುತ್ತದೆ.

ಜೊತೆಗೆ ಬರುವ ಸ್ಟೆತ್ ಕಲಿಕೆಗೆ ಸಾಕು. ಕಿವಿಯ ತುದಿಗಳು ಮೂಗಿನ ಕಡೆಗೆ ಬಾಗಿರಲಿ, ಇಲ್ಲವಾದರೆ ಏನೂ ಕೇಳದು. ಮೀಟರ್ ಒಮ್ಮೆ ಕೆಳಗೆ ಬಿದ್ದರೆ ಮುಳ್ಳು ಸೊನ್ನೆಯಲ್ಲಿದ್ದರೂ ನಂಬಬೇಡಿ. ವೈ ಕನೆಕ್ಟರ್ (ಒಂದೇ ಗಾಳಿಯನ್ನು ಎರಡು ಮೀಟರಿಗೆ ಹಂಚುವ ಕವಲು ಕೊಳವೆ) ಹಾಕಿಸಿ ಸರಿಯಿರುವ ಇನ್ನೊಂದು ಮೀಟರಿನ ಜೊತೆ 50, 100, 150, 200ರಲ್ಲಿ ಹೋಲಿಸಿ. 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕ್ಯಾಲಿಬ್ರೇಷನ್‌ಗೆ, ಅಂದರೆ ಅಳತೆ ಸರಿಪಡಿಸಲು ಕಳಿಸಿ. ಬೀಳದಿದ್ದರೂ ಆರು ತಿಂಗಳಿಗೊಮ್ಮೆ ಹೀಗೆ ಹೋಲಿಸಿ ನೋಡಿ.