ಕೈ ಶೀಲ್ಡ್, ತಲೆ ಶೀಲ್ಡ್, ಆಟೋ ಹೆಲ್ಮೆಟ್: ಮೂರನ್ನೂ ಹಾಕಿ ನೋಡಿದೆ

ಆರ್ಕ್ ವೆಲ್ಡಿಂಗ್‌ನಲ್ಲಿ ನನ್ನ ಕಣ್ಣು ಉರಿದದ್ದೆಲ್ಲ ಟ್ಯಾಕ್ ಹಾಕುವಾಗಲೇ. ಉದ್ದ ಬೀಡ್, ಅಂದರೆ ಬೆಸುಗೆಯ ಗೆರೆ, ಎಳೆಯೋಕೆ ಯಾರಾದರೂ ಶೀಲ್ಡ್ ಹಿಡಿಯುತ್ತಾರೆ. ಟ್ಯಾಕ್ ಅಂದರೆ ತುಂಡುಗಳು ಕದಲದ ಹಾಗೆ ಮೊದಲು ಹಾಕುವ ಒಂದು ಚುಕ್ಕೆ ಬೆಸುಗೆ, ಅಷ್ಟಕ್ಕೇನು ಅಂತ ಕಣ್ಣು ಮುಚ್ಚಿ, ಮುಖ ತಿರುಗಿಸಿ ಹೊಡೆದುಬಿಡುತ್ತೇವೆ. ಇಪ್ಪತ್ತು ಟ್ಯಾಕ್‌ನಲ್ಲಿ ನಾಲ್ಕು ಸಲ ಕಣ್ಣು ಬೇಗ ತೆರೆದುಕೊಳ್ಳುತ್ತೆ. ಅಷ್ಟು ಸಾಕು. ಆವಾಗ ಏನೂ ಅನಿಸುವುದಿಲ್ಲ. ಆರರಿಂದ ಹನ್ನೆರಡು ಗಂಟೆ ಬಿಟ್ಟು, ಸರಿಯಾಗಿ ಮಧ್ಯರಾತ್ರಿಗೆ, ರೆಪ್ಪೆಯೊಳಗೆ ಯಾರೋ ಮರಳು ಸುರಿದ ಹಾಗೆ ಆಗುತ್ತದೆ. ಮೊಬೈಲ್ ಬೆಳಕನ್ನೂ ನೋಡಲಾಗದು.

ಹಾಗಾಗಿ ಮೂರನ್ನೂ ಹೋಲಿಸುವಾಗ ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಯಾವುದು ಕೈಯಲ್ಲಿದ್ದರೆ ನಾನು ಕಳ್ಳಾಟ ಆಡುವುದಿಲ್ಲ? ಕೆಲಸ ಮೂರಕ್ಕೂ ಒಂದೇ. ಚೌಕ ಪೈಪಿನ ಸ್ಟ್ಯಾಂಡ್, 2.5 ಎಂಎಂ ರಾಡ್, 70ರಿಂದ 90 ಆಂಪ್ಸ್, 10ನೇ ನಂಬರ್ ಕಪ್ಪು ಗಾಜು (ನಂಬರ್ ಹೆಚ್ಚಿದಷ್ಟೂ ಕಪ್ಪು ಹೆಚ್ಚು).

ಕೈ ಶೀಲ್ಡ್ ಹಗುರ. ಬೆವರಿಲ್ಲ, ಕತ್ತುನೋವಿಲ್ಲ, ಕೆಡೋಕೆ ಅದರೊಳಗೆ ಏನೂ ಇಲ್ಲ. ಗಾಜು ಒಡೆದರೆ ಇನ್ನೊಂದು ಹಾಕಿದರಾಯ್ತು. ಆದರೆ ಒಂದು ಕೈ ಅದಕ್ಕೇ ಹೋಯ್ತು. ಬಲಗೈಯಲ್ಲಿ ಹೋಲ್ಡರ್, ಎಡಗೈಯಲ್ಲಿ ಶೀಲ್ಡ್. ಪೈಪ್ ಹಿಡಿಯೋರು ಯಾರು? ಕ್ಲಾಂಪ್ ಹಾಕಬೇಕು, ಸರಿ. ಕ್ಲಾಂಪ್ ಕೂರದ ಮೂಲೆಯಲ್ಲಿ? ಎಡಗೈಯಿಂದ ಪೈಪ್ ಒತ್ತಿ ಹಿಡಿದೆ, ಶೀಲ್ಡ್ ನೆಲದಲ್ಲಿ ಬಿತ್ತು, ಕಣ್ಣು ಮುಚ್ಚಿದೆ. ಮೊದಲ ಸ್ಟ್ಯಾಂಡ್‌ನಲ್ಲೇ ಆರು ಸಲ ಹೀಗಾಯ್ತು. ಕಿಡಿ ಕಿವಿಯ ಹತ್ತಿರ ಬಂದದ್ದು ಬೇರೆ.

ತಲೆಗೆ ಹಾಕುವ ಸಾದಾ ಶೀಲ್ಡ್‌ನಲ್ಲಿ ಎರಡೂ ಕೈ ಸಿಕ್ಕಿತು. ಇದರ ತೊಂದರೆ ಬೇರೆ. ಗಾಜು ಇಳಿದ ಕೂಡಲೇ ಕತ್ತಲೆ. ರಾಡ್ ತುದಿಯನ್ನು ಜಾಯಿಂಟ್ ಹತ್ತಿರ ಇಟ್ಟು, ತಲೆ ಜಾಡಿಸಿ ಶೀಲ್ಡ್ ಬೀಳಿಸುವಷ್ಟರಲ್ಲಿ ಕೈ ಒಂದಿಷ್ಟು ಸರಿದಿರುತ್ತದೆ. ಆರ್ಕ್ ಹೊತ್ತಿಕೊಳ್ಳುವುದು ಜಾಯಿಂಟ್ ಪಕ್ಕದಲ್ಲಿ. ನಾಲ್ಕು ಟ್ಯಾಕ್ ಹೀಗೆ ಹಾಳಾದರೆ ಐದನೆಯದಕ್ಕೆ ಶೀಲ್ಡ್ ಅರ್ಧ ಎತ್ತಿ, ಕೆಳಗಿನ ಸಂದಿಯಿಂದ ಇಣುಕುತ್ತಲೇ ಹೊಡೆಯೋಣ ಅನಿಸುತ್ತೆ. ಅನಿಸುತ್ತೆ ಏನು, ಹೊಡೆದೆ. ಸಂಜೆ ಹೊತ್ತಿಗೆ ಕತ್ತಿನ ಹಿಂಭಾಗವೂ ಹಿಡಿದುಕೊಂಡಿತ್ತು.

ಆಟೋ ಹೆಲ್ಮೆಟ್ ಅಂದರೆ ಆರ್ಕ್ ಹೊತ್ತಿದ ಕೂಡಲೇ ಗಾಜು ತಾನೇ ಕಪ್ಪಾಗುವಂಥದ್ದು. ಅದರ ಬಗ್ಗೆ ನನಗಿದ್ದ ಅನುಮಾನ ಎಲ್ಲರಿಗೂ ಇರುವಂಥದ್ದೇ: ಅದು ಕಪ್ಪಾಗುವಷ್ಟರಲ್ಲಿ ಕಣ್ಣು ಹೋದರೆ? ಆಮೇಲೆ ತಿಳಿದದ್ದು, ಸರಿಯಾದ ಗುಣಮಟ್ಟದ ಹೆಲ್ಮೆಟ್‌ನಲ್ಲಿ ಕಣ್ಣು ಉರಿಸುವ ಅಲ್ಟ್ರಾವಯೊಲೆಟ್ ಕಿರಣ ಮತ್ತು ಇನ್‌ಫ್ರಾರೆಡ್ ತಡೆಯುವ ಪದರ ಯಾವಾಗಲೂ ಇರುತ್ತದೆ. ಗಾಜು ತಿಳಿಯಾಗಿದ್ದರೂ, ಬ್ಯಾಟರಿ ಸತ್ತರೂ ಅದು ಕೆಲಸ ಮಾಡುತ್ತದೆ. ಕಪ್ಪಾಗುವುದು ಕಣ್ಣಿಗೆ ಕಾಣುವ ಬೆಳಕಿಗೆ ಮಾತ್ರ. ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು.

ತಿಳಿ ಇದ್ದಾಗ 4ನೇ ನಂಬರ್, ಆರ್ಕ್ ಬಂದಾಗ 9ರಿಂದ 13ರವರೆಗೆ ನಾವು ತಿರುಗಿಸಿಟ್ಟಷ್ಟು. ತುಸು ಹಸಿರು ಬೆಳಕಿನಲ್ಲಿ ರಾಡ್ ತುದಿ, ಜಾಯಿಂಟ್, ನನ್ನ ಎಡಗೈ ಬೆರಳು ಎಲ್ಲ ಕಾಣುತ್ತಿತ್ತು. ಟ್ಯಾಕ್ ಬೇಕಾದಲ್ಲೇ ಕೂತಿತು. ಹೆಲ್ಮೆಟ್ ಎತ್ತುವ ಕಾರಣವೇ ಇರಲಿಲ್ಲ. ಒಂದು ಸ್ಟ್ಯಾಂಡ್ ಮುಗಿದರೂ ಒಂದೇ ಒಂದು ಕಳ್ಳಾಟ ಇಲ್ಲ.

ಇದಕ್ಕೂ ಕಾಯಿಲೆಗಳಿವೆ. ಪೈಪಿನ ಹಿಂದೆ ಬಗ್ಗಿ ಮಾಡುವಾಗ ಆರ್ಕ್ ಗುರುತಿಸುವ ಸೆನ್ಸರ್‌ಗೆ ಅದು ಮರೆಯಾಗಿ ಗಾಜು ಮಿಣಕ್ ಮಿಣಕ್ ಅಂದಿತು. ಎರಡು ಸೆನ್ಸರ್ ಇರುವುದರಲ್ಲಿ ಇದು ಜಾಸ್ತಿ, ನಾಲ್ಕಿದ್ದರೆ ಕಡಿಮೆ. ಡಿಲೇ, ಅಂದರೆ ಆರ್ಕ್ ಆರಿದ ಮೇಲೂ ಗಾಜು ಕಪ್ಪಾಗಿರುವ ಹೊತ್ತು, ತೀರಾ ಕಡಿಮೆ ಇಟ್ಟರೆ ಬೀಡ್ ಇನ್ನೂ ಕೆಂಡದ ಹಾಗಿರುವಾಗಲೇ ಗಾಜು ತಿಳಿಯಾಗುತ್ತದೆ. ದೊಡ್ಡ ಮೋಸ ಗ್ರೈಂಡ್ ಮೋಡ್, ಅದರಲ್ಲಿ ಗಾಜು ತಿಳಿಯಾಗಿಯೇ ಇರುತ್ತದೆ. ಗ್ರೈಂಡರ್ ಹಿಡಿಯುವಾಗ ಅದಕ್ಕೆ ಹಾಕಿದ್ದೆ, ತೆಗೆಯೋದು ಮರೆತೆ, ರಾಡ್ ತಾಗಿಸಿದೆ. ಕಪ್ಪಾಗಲೇ ಇಲ್ಲ. ಆ ದಿನ ಎಲ್ಲಿ ನೋಡಿದರೂ ಹಸಿರು ಮಚ್ಚೆ. ರಾತ್ರಿ ಮರಳು ಸುರಿಯಲಿಲ್ಲ ಅನ್ನೋದೊಂದೇ ಸಮಾಧಾನ, ಒಳಗಿನ ಪದರದ ಪುಣ್ಯ. ಈಗ ಹೆಲ್ಮೆಟ್ ಹಾಕುವ ಮುಂಚೆ ಟೆಸ್ಟ್ ಬಟನ್ ಒತ್ತುತ್ತೇನೆ, ಪ್ರತಿ ಸಲ.

ಗ್ಯಾಸ್ ಕಟಿಂಗ್ ಕನ್ನಡಕವನ್ನು ಈ ಪಂದ್ಯಕ್ಕೇ ಸೇರಿಸಲಿಲ್ಲ. ಅದು 5ನೇ ನಂಬರ್, ಆರ್ಕ್‌ಗೆ ಸಾಲದು, ಮುಖದ ಚರ್ಮವೂ ಬೇಯುತ್ತದೆ. ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಮಾತು ಬೇಡವೇ ಬೇಡ.

ಮೂರರಲ್ಲಿ ಯಾವುದೂ ಮಾಡದ ಕೆಲಸಗಳೂ ಇವೆ. ಹೊಗೆಯನ್ನು ಯಾವುದೂ ತಡೆಯಲಿಲ್ಲ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ 2017ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ತಲೆಯನ್ನು ಹೊಗೆಯ ಪಕ್ಕಕ್ಕೆ ಇಟ್ಟುಕೊಳ್ಳಿ, ಗಾಳಿ ಆಡಲಿ. ಸತುವಿನ ಲೇಪ ಇರುವ ಪೈಪ್ ಆದರೆ ಲೇಪ ಕೆರೆದೇ ಬೆಸೆಯಿರಿ, ಇಲ್ಲದಿದ್ದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಬೆವರಿಗೆ ಒದ್ದೆಯಾದ ಗ್ಲೌಸ್‌ನಲ್ಲಿ ರಾಡ್ ಬದಲಾಯಿಸಬೇಡಿ, ಶಾಕ್ ಹೊಡೆಯುತ್ತದೆ. ಸ್ಲ್ಯಾಗ್ (ಬೆಸುಗೆ ಮೇಲೆ ಗಟ್ಟಿಯಾಗುವ ಪೊರೆ) ಕುಟ್ಟುವಾಗ ಹೆಲ್ಮೆಟ್ ಎತ್ತೇ ಎತ್ತುತ್ತೇವೆ ಅಲ್ವಾ, ಅದಕ್ಕೆ ಒಳಗೊಂದು ಬಿಳಿ ಕನ್ನಡಕ ಇರಲಿ. ಬಿಸಿ ಸ್ಲ್ಯಾಗ್ ಚೂರು ನನ್ನ ಕನ್ನಡಕಕ್ಕೆ ಅಂಟಿ ಗುಳಿ ಬಿದ್ದಿದೆ, ಎಡಗಣ್ಣಿನ ನೇರಕ್ಕೆ.

ದಿನದ ಕೆಲಸಕ್ಕೆ ಈಗ ಆಟೋ. ಸೆನ್ಸರ್ ಮರೆಯಾಗುವ ಇಕ್ಕಟ್ಟು ಜಾಗಕ್ಕೆ ಸಾದಾ ತಲೆ ಶೀಲ್ಡ್. ಕೈ ಶೀಲ್ಡ್ ಅನ್ನೂ ಎಸೆದಿಲ್ಲ, ಮಷಿನ್ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಪೈಪ್ ಹಿಡಿಯೋಕೆ ಬಂದವರಿಗೆ, ಸುಮ್ನೆ ನೋಡ್ತಾ ನಿಂತವರಿಗೆ ಅದನ್ನೇ ಕೊಡುತ್ತೇನೆ.