ಊರನ್ನೂ ಭಾಷೆಯನ್ನೂ ಊಹಿಸುವ ಮೂರು ದಾರಿಗಳು: ಒಂದು ಹೋಲಿಕೆ
ದಾವಣಗೆರೆಯ ಬೀಜ-ಗೊಬ್ಬರದ ಅಂಗಡಿಯೊಂದಕ್ಕೆ ನಾನು ಮಾಡಿಕೊಟ್ಟ ಜಾಲತಾಣದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಪುಟಗಳಿವೆ. ಚನ್ನಗಿರಿಯವರಿಗೆ ಅಡಿಕೆಯ, ಚಳ್ಳಕೆರೆಯವರಿಗೆ ಶೇಂಗಾದ ಮಾಹಿತಿ ಮೊದಲು ಕಾಣಬೇಕೆಂದು ಅಂಗಡಿಯವರು ಕೇಳಿದ್ದರಿಂದ, ಬಂದವರನ್ನು ಗುರುತಿಸುವ ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಅಳವಡಿಸಿ ನೋಡಿದೆ.

ಮೊದಲನೆಯದಾಗಿ, ಐಪಿ ವಿಳಾಸವನ್ನು (ಅಂತರ್ಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು) ಊರಿಗೆ ಹೊಂದಿಸುವ ಉಚಿತ ಡೇಟಾಬೇಸ್ ದೇಶವನ್ನು ಸರಿಯಾಗಿ ಹೇಳಿತಾದರೂ ತಾಲ್ಲೂಕಿನ ಮಟ್ಟದಲ್ಲಿ ಕೈಕೊಟ್ಟಿತು. ಮೊಬೈಲ್ ಕಂಪನಿಗಳು ಬಹಳಷ್ಟು ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚುವುದರಿಂದ, ಚನ್ನಗಿರಿಯಲ್ಲಿ ತೆರೆದ ಪುಟ ಬೆಳಿಗ್ಗೆ ಬೆಂಗಳೂರಿನದೆಂದೂ ಸಂಜೆ ಚೆನ್ನೈನದೆಂದೂ ದಾಖಲಾಯಿತು. ಕರ್ನಾಟಕದ ಹೊರಗಿನವರಿಗೆ ಇಂಗ್ಲಿಷ್ ಎಂಬ ನಿಯಮವನ್ನು ನಾನೇ ಬರೆದಿದ್ದೆನಾದ್ದರಿಂದ, ಆ ಸಂಜೆ ಅಡಿಕೆ ಬೆಳೆಗಾರರಿಗೆ ಇಂಗ್ಲಿಷ್ ಪುಟ ತೆರೆದುಕೊಂಡಿತು.

ಎರಡನೆಯದು, ಬ್ರೌಸರ್ ಪ್ರತಿ ಕೋರಿಕೆಯೊಂದಿಗೆ ಕಳುಹಿಸುವ ಆಕ್ಸೆಪ್ಟ್-ಲ್ಯಾಂಗ್ವೇಜ್ ಹೆಡರ್, ಅಂದರೆ ಯಾವ ಭಾಷೆ ಬೇಕೆಂದು ತಿಳಿಸುವ ಸಾಲು. ಭಾಷೆಯ ಮಟ್ಟಿಗೆ ಇದು ಐಪಿಗಿಂತ ಎಷ್ಟೋ ಮೇಲು, ಆದರೆ ಅದರ ಎರಡು ಉತ್ತರಗಳಿಗೆ ಒಂದೇ ತೂಕವಿಲ್ಲ. ಹೆಡರ್‌ನಲ್ಲಿ ಕನ್ನಡ ಮೊದಲಿದ್ದರೆ ಯಾರೋ ಬೇಕೆಂದೇ ಹಾಗೆ ಹೊಂದಿಸಿಕೊಂಡಿದ್ದಾರೆಂದು ನಂಬಬಹುದು; ಇಂಗ್ಲಿಷ್ ಇದ್ದರೆ, ಫೋನು ಅಂಗಡಿಯಿಂದ ಬಂದಂತೆಯೇ ಇದೆ ಎಂಬುದಷ್ಟೇ ಗೊತ್ತಾಗುತ್ತದೆ. ದಿನವಿಡೀ ಕನ್ನಡದಲ್ಲೇ ವಾಟ್ಸಾಪ್ ಬರೆಯುವ ನನ್ನ ಅಣ್ಣನ ಫೋನೂ ಇಂಗ್ಲಿಷ್‌ನಲ್ಲಿಯೇ ಇದೆ. ಆದ್ದರಿಂದ ಇಂಗ್ಲಿಷ್ ಹೆಡರ್‌ಗೂ ಕನ್ನಡ ಪುಟವನ್ನೇ ಕೊಟ್ಟು, ಇಂಗ್ಲಿಷ್ ಕೊಂಡಿಯನ್ನು ಮೇಲ್ಗಡೆ ಎದ್ದು ಕಾಣುವಂತೆ ಇಟ್ಟೆ. ಅದಕ್ಕೂ ಮೊದಲು, ಪುಟದ ಪ್ರತಿಗಳನ್ನು ಉಳಿಸಿಟ್ಟು ಮತ್ತೆ ಕೊಡುವ ಕ್ಯಾಶ್‌ಗೆ ಭಾಷೆಗೆ ತಕ್ಕಂತೆ ಪುಟ ಬೇರೆಯಾಗುತ್ತದೆಂದು ತಿಳಿಸುವ ವೇರಿ ಹೆಡರ್ ಸೇರಿಸಲು ಮರೆತ ಒಂದು ದಿನ, ಮೊದಲು ಬಂದವರ ಭಾಷೆಯ ಪುಟವೇ ಕ್ಯಾಶ್‌ನಲ್ಲಿ ಕುಳಿತು ಉಳಿದವರಿಗೆಲ್ಲ ಹೋಯಿತು. ಗೂಗಲ್‌ನ ಹುಡುಕಾಟಕ್ಕಾಗಿ ಪುಟಗಳನ್ನು ಓದುವ ಬಾಟ್ ಸಾಮಾನ್ಯವಾಗಿ ಈ ಹೆಡರ್ ಕಳುಹಿಸುವುದೇ ಇಲ್ಲವಾದ್ದರಿಂದ, ಎರಡು ಭಾಷೆಗಳಿಗೂ ಬೇರೆ ಬೇರೆ ವಿಳಾಸ ಕೊಟ್ಟು, ಯಾವ ಪುಟ ಯಾವ ಭಾಷೆಯದೆಂದು ತಿಳಿಸುವ ಎಚ್‌ರೆಫ್‌ಲ್ಯಾಂಗ್ ಗುರುತು ಹಾಕುವುದು ಅನಿವಾರ್ಯವಾಯಿತು.

ಮೂರನೆಯದು, ಅನುಮತಿ ಕೇಳಿ ಜಿಪಿಎಸ್ ಪಡೆಯುವುದು. ಇದು ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕದ) ತಾಣಗಳಲ್ಲಿ ಮಾತ್ರ ನಡೆಯುತ್ತದೆ, ಬಹಳ ಜನ ನಿರಾಕರಿಸುತ್ತಾರೆ. ನಿಖರತೆಯಲ್ಲಿ ಇದೇ ಮುಂದಿದ್ದರೂ, ಜಗಳೂರಿನ ರೈತ ದಾವಣಗೆರೆಯ ಮಾರುಕಟ್ಟೆಗೆ ಬಂದು ಪುಟ ತೆರೆದರೆ ಅದು ದಾವಣಗೆರೆಯೆಂದೇ ಹೇಳುತ್ತದೆ. ಆ ಉತ್ತರದಲ್ಲಿ ತಪ್ಪಿಲ್ಲ, ಆದರೆ ನಮಗೆ ಬೇಕಾದದ್ದು ಅವನ ಹೊಲವಿರುವ ಜಾಗ.

ಈಗ ಭಾಷೆಗೆ ಮಾತ್ರ ಹೆಡರನ್ನು ಉಳಿಸಿಕೊಂಡಿದ್ದೇನೆ. ಊರಿಗೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ತಾಲ್ಲೂಕುಗಳ ಪಟ್ಟಿಯಿದೆ. ಒಮ್ಮೆ ಆರಿಸಿದ ತಾಲ್ಲೂಕು ಕುಕಿಯಲ್ಲಿ, ಅಂದರೆ ಬ್ರೌಸರ್ ಇಟ್ಟುಕೊಳ್ಳುವ ಚಿಕ್ಕ ದಾಖಲೆಯಲ್ಲಿ, ಉಳಿಯುತ್ತದೆ.